ಒಳರೋಗಿಯ ವಾಸದ ಅವಧಿ ಮುಂದುವರಿದಲ್ಲಿ ಪ್ಯಾಕೇಜ್ ಸಂಕೇತ ಮತ್ತು ವೆಚ್ಚ ಪಾವತಿ: ಸಾರ್ವಜನಿಕರಿಗೆ ಮಾಹಿತಿ

ಯೋಜನೆ: ಆರೋಗ್ಯ ಕರ್ನಾಟಕ ಯೋಜನೆಯು 2018ರ ಮಾರ್ಚ್‌ನಲ್ಲಿ ಆರಂಭಗೊಂಡು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಯೋಜನೆಯೊಂದಿಗೆ ಸಂಯೋಜಿತವಾಯಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದರ ಅನುಷ್ಠಾನ ಸಂಸ್ಥೆಯಾಗಿರುತ್ತದೆ.

ಸಂಕೇತಗಳು: ಯೋಜನೆಯಡಿ ಪ್ರತಿಯೊಂದು ಚಿಕಿತ್ಸೆಗೂ ಸಂಕೇತ ಮತ್ತು ದರ ನಿಗದಿಪಡಿಸಲಾಗಿದೆ. 2ಎ ಸರಳ ದ್ವಿತೀಯ ಹಂತ, 2ಬಿ ಕ್ಲಿಷ್ಟ ದ್ವಿತೀಯ ಹಂತ, 3ಎ ತೃತೀಯ ಹಂತ ಹಾಗೂ 4ಎ ತುರ್ತು ಚಿಕಿತ್ಸೆಯನ್ನು ಸೂಚಿಸುತ್ತವೆ. 4ಎ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರದ ಅವಶ್ಯಕತೆ ಇರುವುದಿಲ್ಲ.

ವಾಸ ಮುಂದುವರಿದಲ್ಲಿ: ಶಸ್ತ್ರಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಒಂದೇ ಇಡಿಗಂಟಿನ ದರವಿದ್ದು, ಹಾಸಿಗೆ, ವೈದ್ಯರ ಶುಲ್ಕ, ಔಷಧಿ, ಪರೀಕ್ಷೆ ಹಾಗೂ ರೋಗಿಯ ಊಟ ಅದರಲ್ಲಿಯೇ ಸೇರಿರುತ್ತವೆ. ಜ್ವರ, ಸೋಂಕು ಮುಂತಾದ ಶಸ್ತ್ರಚಿಕಿತ್ಸೆಯಲ್ಲದ ಪ್ರಕರಣಗಳಲ್ಲಿ ಆಯುಷ್ಮಾನ್ ಭಾರತ್ ಪ್ಯಾಕೇಜ್‌ಗಳ ದರವು ದಿನವೊಂದಕ್ಕೆ ಲೆಕ್ಕವಾಗುತ್ತದೆ. ಸಾಮಾನ್ಯ ವಾರ್ಡ್, ತೀವ್ರ ನಿಗಾ ಘಟಕ ಹಾಗೂ ವೆಂಟಿಲೇಟರ್ ಸಹಿತ ತೀವ್ರ ನಿಗಾ ಘಟಕಗಳಿಗೆ ದರ ಬೇರೆ ಬೇರೆಯಾಗಿರುತ್ತದೆ. ಅನುಮೋದಿತ ದಿನಗಳು ಮುಗಿಯುವ ಮುನ್ನ, ವೈದ್ಯಕೀಯ ಕಾರಣ ಮತ್ತು ದಾಖಲೆಗಳೊಂದಿಗೆ ಆನ್‌ಲೈನ್ ಮೂಲಕ ವಿಸ್ತರಣೆ ಕೋರತಕ್ಕದ್ದು. ಇದು ಆಸ್ಪತ್ರೆಯ ಹೊಣೆಯೇ ಹೊರತು ರೋಗಿಯದಲ್ಲ.

ಯಾರು ಎಷ್ಟು ಪಾವತಿಸಬೇಕು:
1. ಅರ್ಹತಾ ರೋಗಿ (ಬಿ.ಪಿ.ಎಲ್. ಕುಟುಂಬ): ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂ.ಗಳವರೆಗೆ ಪ್ಯಾಕೇಜ್ ಚಿಕಿತ್ಸೆ ಉಚಿತ. ಈ ಮಿತಿಯೊಳಗೆ "ಪ್ಯಾಕೇಜ್ ದಿನಗಳು ಮುಗಿದಿವೆ" ಎಂಬ ಕಾರಣಕ್ಕೆ ಹಣ ಕೇಳಲು ನೋಂದಾಯಿತ ಆಸ್ಪತ್ರೆಗೆ ಅವಕಾಶವಿರುವುದಿಲ್ಲ.
2. ಸಾಮಾನ್ಯ ರೋಗಿ (ಎ.ಪಿ.ಎಲ್. ಕುಟುಂಬ): ಪ್ಯಾಕೇಜ್ ದರದ ಶೇ. 30ನ್ನು ಸರ್ಕಾರ ಭರಿಸುತ್ತದೆ. ವಾರ್ಷಿಕ ಮಿತಿ 1.50 ಲಕ್ಷ ರೂ. ಉದಾಹರಣೆಗೆ, ವಿಸ್ತರಿಸಿದ ದಿನಗಳ ಪ್ಯಾಕೇಜ್ ದರ 10,000 ರೂ. ಆದಲ್ಲಿ ಸರ್ಕಾರದ ಪಾಲು 3,000 ರೂ., ರೋಗಿಯ ಪಾಲು 7,000 ರೂ. ಆದ್ದರಿಂದ ವಾಸ ಹೆಚ್ಚಿದಂತೆ ತಗಲುವ ವೆಚ್ಚವನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಸೂಕ್ತ.

ಗಮನಿಸಬೇಕಾದ ಅಂಶಗಳು:
- ದಾಖಲಾಗುವಾಗಲೇ ಪಡಿತರ ಚೀಟಿ ಹಾಗೂ ಆಧಾರ್ ಹಾಜರುಪಡಿಸಿ, ಪೂರ್ವಾನುಮತಿ ಪಡೆದ ಸಂಕೇತ ಮತ್ತು ದಿನಗಳನ್ನು ಬರೆದಿಟ್ಟುಕೊಳ್ಳುವುದು.
- ವಿಸ್ತರಣೆ ಕೋರಲಾಗಿದೆಯೇ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರಿಂದ ಖಚಿತಪಡಿಸಿಕೊಳ್ಳುವುದು.
- ಹಣಕ್ಕೆ ಒತ್ತಾಯಿಸಿದಲ್ಲಿ, ರೋಗಿಯನ್ನು ಸ್ವ-ಇಚ್ಛೆಯಿಂದ ಬಿಡುಗಡೆ ಮಾಡಿಸಿಕೊಳ್ಳುವ ಮುನ್ನ ಆರೋಗ್ಯಮಿತ್ರರಿಗೆ ಅಥವಾ ಸಹಾಯವಾಣಿ 14555ಕ್ಕೆ ದೂರು ನೀಡುವುದು. ಹಣ ಪಾವತಿಸಿದ್ದಲ್ಲಿ ರಸೀದಿಯನ್ನು ತಪ್ಪದೇ ಪಡೆದು, ದೂರಿನೊಂದಿಗೆ ಲಗತ್ತಿಸುವುದು.