ಒಡೆದು ಹೋದ ಜಾಡಿ

ಫ್ರಾಂಕೆನ್‌ಸ್ಟೈನ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಚಪ್ಪಟೆ ತಲೆ, ಕತ್ತಿನ ಎರಡೂ ಬದಿಗೆ ಬೋಲ್ಟು, ಅರ್ಧ ಮುಚ್ಚಿದ ರೆಪ್ಪೆ, ಗಿಡ್ಡ ಕೋಟಿನ ತೋಳಿನಿಂದ ಹೊರಗೆ ಚಾಚಿದ ಉದ್ದುದ್ದ ಕೈ. ಇದ್ಯಾವುದೂ ಮೇರಿ ಶೆಲ್ಲಿ ಬರೆದದ್ದಲ್ಲ. 1818ರಲ್ಲಿ ಬಂದ ಆಕೆಯ ಕಾದಂಬರಿಯಲ್ಲಿ ಬೋಲ್ಟೂ ಇಲ್ಲ, ಚಪ್ಪಟೆ ತಲೆಯೂ ಇಲ್ಲ. ಇವೆಲ್ಲ 1931ರಲ್ಲಿ ಯೂನಿವರ್ಸಲ್ ಸ್ಟುಡಿಯೋದಲ್ಲಿ ಜಾಕ್ ಪಿಯರ್ಸ್ ಎಂಬ ಮೇಕಪ್ ಕಲಾವಿದ ಬೋರಿಸ್ ಕಾರ್ಲಾಫ್ ಮುಖದ ಮೇಲೆ ಗಂಟೆಗಟ್ಟಲೆ ಕೂತು ಮಾಡಿದ ಕೆಲಸ. ಫ್ರಾಂಕೆನ್‌ಸ್ಟೈನ್ ಅನ್ನೋದು ವಿಜ್ಞಾನಿಯ ಹೆಸರು, ಅವನು ಸೃಷ್ಟಿಸಿದ ಜೀವಿಗೆ ಹೆಸರೇ ಇಲ್ಲ ಅನ್ನೋದು ಈಗ ಕ್ವಿಜ್ ಆಡುವವರಿಗೆಲ್ಲ ಗೊತ್ತು. ಅದನ್ನು ಬಿಡಿ. ನಾನು ಹೇಳಹೊರಟಿರೋದು ಸುಮಾರು 70 ನಿಮಿಷದ ಆ ಸಿನಿಮಾದಲ್ಲಿ ಬಂದು ಹೋಗುವ ಒಂದು ಸಣ್ಣ ದೃಶ್ಯದ ಬಗ್ಗೆ.

ಮೆಡಿಕಲ್ ಕಾಲೇಜಿನ ತರಗತಿ. ಡಾಕ್ಟರ್ ವಾಲ್ಡ್‌ಮನ್ ಪಾಠ ಮಾಡ್ತಾ ಇದ್ದಾರೆ. ಮೇಜಿನ ಮೇಲೆ ಎರಡು ಗಾಜಿನ ಜಾಡಿ, ಎರಡರಲ್ಲೂ ಮನುಷ್ಯನ ಮೆದುಳು. ಒಂದು ಸಾಮಾನ್ಯ ವ್ಯಕ್ತಿಯದು, ಇನ್ನೊಂದು ಅಪರಾಧಿಯದು. ಅಪರಾಧಿಯ ಮೆದುಳಿನ ರಚನೆಯಲ್ಲೇ ದೋಷವಿದೆ, ಅವನ ಬದುಕಿನ ಹಿಂಸೆ, ಕೊಲೆಗಳೆಲ್ಲ ಇದಕ್ಕೆ ತಾಳೆಯಾಗುತ್ತವೆ ಅಂತ ವಿವರಿಸ್ತಾರೆ. ವಿದ್ಯಾರ್ಥಿಗಳು ಎದ್ದು ಹೋದ ಮೇಲೆ ವಿಜ್ಞಾನಿಯ ಗೂನುಬೆನ್ನಿನ ಸಹಾಯಕ ಫ್ರಿಟ್ಜ್ ಕಿಟಕಿಯಿಂದ ಒಳಗಿಳಿಯುತ್ತಾನೆ. ಒಳ್ಳೆಯ ಮೆದುಳಿನ ಜಾಡಿಯನ್ನೇ ಎತ್ತಿಕೊಳ್ಳುತ್ತಾನೆ. ಎಲ್ಲೋ ಸದ್ದಾಗುತ್ತೆ, ಬೆಚ್ಚಿ ಬೀಳ್ತಾನೆ, ಜಾಡಿ ಕೈಜಾರಿ ಚೂರು ಚೂರು. ಬೇರೆ ದಾರಿಯಿಲ್ಲದೆ ಇನ್ನೊಂದನ್ನೇ ಎತ್ತಿಕೊಂಡು ಓಡ್ತಾನೆ.

ಮುಂದೆ ಆಗೋದಕ್ಕೆಲ್ಲ ಕಾರಣ ರೆಡಿ. ತಪ್ಪಾದ ಪಾರ್ಟ್ ಹಾಕಿದರು, ಮೆಷಿನ್ ಕೆಟ್ಟಿತು. ಅಷ್ಟೇ.

ಮೇರಿ ಶೆಲ್ಲಿಯ ಕಾದಂಬರಿಯಲ್ಲಿ ಈ ಪ್ರಸಂಗವೇ ಇಲ್ಲ ನೋಡಿ. ಅಲ್ಲಿ ಆ ಜೀವಿ ಕಣ್ಣು ಬಿಟ್ಟ ಕ್ಷಣದಲ್ಲೇ ಸೃಷ್ಟಿಸಿದವನು ಅಸಹ್ಯಪಟ್ಟು ಓಡಿ ಹೋಗುತ್ತಾನೆ. ಜೀವಿ ಒಂದು ಕುಟುಂಬವನ್ನು ಮರೆಯಲ್ಲಿ ಕೂತು ಗಮನಿಸುತ್ತಾ ಭಾಷೆ ಕಲಿಯುತ್ತೆ, ಮಿಲ್ಟನ್‌ನನ್ನೂ ಪ್ಲೂಟಾರ್ಕ್‌ನನ್ನೂ ಓದುತ್ತೆ, ಆ ಮನೆಗೆ ಗುಟ್ಟಾಗಿ ಸೌದೆ ಒದಗಿಸುತ್ತೆ. ಕಂಡವರೆಲ್ಲ ಹೊಡೆದು ಅಟ್ಟಿದ ಮೇಲಷ್ಟೇ ಕೊಲ್ಲಲು ಶುರು ಮಾಡುತ್ತೆ. ತಾನು ಹುಟ್ಟುವಾಗ ಕೆಟ್ಟವನಾಗಿರಲಿಲ್ಲ, ದುಃಖ ನನ್ನನ್ನು ಹೀಗೆ ಮಾಡಿತು ಅಂತ ತನ್ನ ಸೃಷ್ಟಿಕರ್ತನ ಎದುರೇ ನಿಂತು ವಾದ ಹೂಡುತ್ತೆ. ಹತ್ತೊಂಬತ್ತರ ಆಸುಪಾಸಿನ ಹುಡುಗಿಯೊಬ್ಬಳು ಬರೆದ ವಾದ ಅದು. ಸಿನಿಮಾ ಆ ಜೀವಿಯ ಮಾತನ್ನೇ ಕಿತ್ತುಕೊಂಡು, ಬದಲಿಗೆ ಒಂದು ಜಾಡಿ ಕೊಟ್ಟಿತು. ಬರೆದವಳ ಹೆಸರನ್ನೂ ಪೂರ್ತಿ ಉಳಿಸಲಿಲ್ಲ. ಟೈಟಲ್ ಕಾರ್ಡಿನಲ್ಲಿ ಆಕೆ ಬರೀ ಮಿಸೆಸ್ ಪರ್ಸಿ ಬಿ. ಶೆಲ್ಲಿ. ರಾಕ್ಷಸನ ಪಾತ್ರಧಾರಿಯ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಈ ಜಾಡಿ ಎಲ್ಲಿಂದ ಬಂತು? ಚಿತ್ರಕಥೆ ಬರೆದವರು ಗಾಳಿಯಿಂದ ಹಿಡಿದು ತಂದದ್ದಲ್ಲ. ಇಟಲಿಯ ಚೆಸಾರೆ ಲೊಂಬ್ರೋಸೋ 1876ರಲ್ಲೇ ‘ಹುಟ್ಟು ಅಪರಾಧಿ’ಗಳಿದ್ದಾರೆ, ತಲೆಬುರುಡೆ, ದವಡೆ, ಕಿವಿ ನೋಡಿದರೆ ಗೊತ್ತಾಗುತ್ತೆ ಅಂತ ದೊಡ್ಡ ಪುಸ್ತಕ ಬರೆದಿದ್ದ. ಅಮೆರಿಕದಲ್ಲಿ ಇದು ಕಾನೂನಿನ ಮಟ್ಟಕ್ಕೇ ಹೋಯಿತು. 1907ರಲ್ಲಿ ಇಂಡಿಯಾನಾ ರಾಜ್ಯ ‘ಅಯೋಗ್ಯ’ರಿಗೆ ಮಕ್ಕಳಾಗದ ಹಾಗೆ ಬಲವಂತದ ಶಸ್ತ್ರಚಿಕಿತ್ಸೆ ಮಾಡುವ ಕಾನೂನು ತಂದಿತು. ಒಂದೊಂದಾಗಿ 30ಕ್ಕೂ ಹೆಚ್ಚು ರಾಜ್ಯಗಳು ಅದನ್ನೇ ಮಾಡಿದವು. ಒಟ್ಟು 60,000ಕ್ಕೂ ಹೆಚ್ಚು ಜನರಿಗೆ ಹೀಗೆ ಕತ್ತರಿ ಬಿತ್ತು.

ಅವರಲ್ಲಿ ಒಬ್ಬಳು ವರ್ಜೀನಿಯಾದ ಕ್ಯಾರಿ ಬಕ್. ಸಾಕಿದ ಮನೆಯವರ ಸಂಬಂಧಿಕನೇ ಅತ್ಯಾಚಾರ ಮಾಡಿ ಬಸುರಾದವಳು. ಆ ಮನೆಯವರು ಅವಳನ್ನೇ ‘ಮಂದಬುದ್ಧಿ’ ಅಂತ ಹೇಳಿ, ಅವಳ ತಾಯಿ ಮೊದಲೇ ಇದ್ದ ಸರ್ಕಾರಿ ಆಶ್ರಯಕ್ಕೆ ಸೇರಿಸಿದರು. ಮೂರನೇ ತಲೆಮಾರಿನಲ್ಲೂ ದೋಷವಿದೆ ಅಂತ ತೋರಿಸಬೇಕಿತ್ತಲ್ಲ, ಅದಕ್ಕೆ ಕ್ಯಾರಿಯ ಮಗಳು ವಿವಿಯನ್‌ಳನ್ನು ನೋಡಿಸಿದರು. ಕೂಸಿಗೆ ಆಗ ಏಳು ತಿಂಗಳು. ನೋಡಲು ಬಂದ ಸಮಾಜ ಕಾರ್ಯಕರ್ತೆಗೆ ಅದರ ಮುಖದಲ್ಲಿ ಏನೋ ‘ನಾರ್ಮಲ್’ ಅಲ್ಲ ಅನ್ನಿಸಿತಂತೆ. 1927ರಲ್ಲಿ ಸುಪ್ರೀಂ ಕೋರ್ಟ್ 8-1ರ ಬಹುಮತದಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಕೆಲಸ ಮುಗಿಯಿತು.

ಆ ಕೂಸು ದೊಡ್ಡದಾಗಿ ಶಾಲೆಗೆ ಹೋಯಿತು. 1931ರ ಏಪ್ರಿಲ್‌ನಲ್ಲಿ ವಿವಿಯನ್ ಹೆಸರು ಶಾಲೆಯ ಆನರ್ ರೋಲ್‌ನಲ್ಲಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ‘ಫ್ರಾಂಕೆನ್‌ಸ್ಟೈನ್’ ಬಿಡುಗಡೆಯಾಯಿತು. ಎರಡು ಜಾಡಿ, ಎರಡು ಲೇಬಲ್, ಒಂದು ನಾರ್ಮಲ್, ಇನ್ನೊಂದು ಅಲ್ಲ. ಥಿಯೇಟರ್‌ನಲ್ಲಿ ಕೂತ ಜನಕ್ಕೆ ಆ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ವಿವಿಯನ್ ಮರುವರ್ಷವೇ ಕರುಳಿನ ಕಾಯಿಲೆಯಿಂದ ತೀರಿಕೊಂಡಳು. ಎಂಟು ವರ್ಷ.

ಇದೆಲ್ಲ ಅಮೆರಿಕದ ಕತೆ, ನಮಗೇನು ಅನ್ನಬೇಡಿ. ನಮ್ಮಲ್ಲೂ ಇಂಥದ್ದೇ ಜಾಡಿಗಳಿದ್ದವು. ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿತು. ವಿಜಯಪುರ, ಹುಬ್ಬಳ್ಳಿಯಂಥ ಊರುಗಳಲ್ಲಿ ಅವರಿಗೆ ‘ಸೆಟ್ಲ್‌ಮೆಂಟ್’ಗಳಾದವು. ಹಾಜರಿ ಹಾಕಬೇಕು, ಹೊರಗೆ ಹೋಗಬೇಕಾದರೆ ಪಾಸ್ ಬೇಕು. ಕಾಯ್ದೆ ರದ್ದಾದದ್ದು 1952ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಕಾನೂನು ಹೋಯಿತು, ಗಾದೆ ಉಳಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಾವೆಷ್ಟು ಸಲೀಸಾಗಿ ಹೇಳ್ತೀವಿ ಅಲ್ವಾ?

ಈಗ ಸಿನಿಮಾಗೆ ವಾಪಸ್ ಬರೋಣ. ನನಗೆ ಈ ಚಿತ್ರ ಇಷ್ಟವಾಗೋದು ಒಂದೇ ಕಾರಣಕ್ಕೆ. ಅದು ತನ್ನ ಜಾಡಿಯ ಮಾತನ್ನು ತಾನೇ ಸುಳ್ಳು ಮಾಡುತ್ತೆ.

ಸಿಡಿಲಿನ ರಾತ್ರಿ ಜೀವ ಬರುತ್ತೆ. ಕೆನೆತ್ ಸ್ಟ್ರಿಕ್‌ಫಾಡೆನ್ ಕಟ್ಟಿದ ಕಿಡಿ ಕಾರುವ ಯಂತ್ರಗಳ ನಡುವೆ ಹೆನ್ರಿ ಫ್ರಾಂಕೆನ್‌ಸ್ಟೈನ್ ಹುಚ್ಚನ ಹಾಗೆ ಕೂಗಾಡ್ತಾನೆ. ಆಮೇಲೆ ವಾಲ್ಡ್‌ಮನ್ ಅವನಿಗೆ ಹೇಳ್ತಾರೆ, ನೀನು ಹಾಕಿದ್ದು ಅಪರಾಧಿಯ ಮೆದುಳು ಅಂತ. ಹೆನ್ರಿ ಒಂದು ಕ್ಷಣ ತಬ್ಬಿಬ್ಬಾಗ್ತಾನೆ, ಸತ್ತ ಮಾಂಸದ ತುಂಡು ತಾನೆ ಅಂತ ತಳ್ಳಿಹಾಕ್ತಾನೆ. ಸರಿಯಾಗಿ ಆಗಲೇ ಹೆಜ್ಜೆ ಸಪ್ಪಳ. ಈ ಕ್ರಮವನ್ನು ಗಮನಿಸಿ. ಲೇಬಲ್ ಮೊದಲು ಬಂತು, ಜೀವಿ ಆಮೇಲೆ ಬಂತು.

ಬಂದ ಜೀವಿ ಏನು ಮಾಡುತ್ತೆ? ಹೇಳಿದ ಕಡೆ ಕೂರುತ್ತೆ. ಹೆನ್ರಿ ಮೇಲಿನ ಕಿಂಡಿ ತೆರೆದಾಗ ಒಳಗೆ ಬೀಳುವ ಬೆಳಕಿನ ಕಡೆ ಮುಖ ಎತ್ತಿ, ಎರಡೂ ಕೈ ಚಾಚುತ್ತೆ, ಬೆಳಕನ್ನು ಹಿಡಿಯಬಹುದು ಅನ್ನೋ ಹಾಗೆ. ಆಮೇಲೆ ಫ್ರಿಟ್ಜ್ ಪಂಜು ಹಿಡಿದು ಬರ್ತಾನೆ. ಬೆಂಕಿ ಕಂಡು ಹೆದರಿ ಕೈಕಾಲು ಬಡಿಯುತ್ತೆ. ಹೊಸದಾಗಿ ಕಣ್ಣು ಬಿಟ್ಟ ಯಾರಾದರೂ ಹೆದರುವ ಹಾಗೇ ಹೆದರುತ್ತೆ. ಆದರೆ ಆ ಇಬ್ಬರು ವಿದ್ಯಾವಂತರು ಅದನ್ನು ಹೆದರಿಕೆ ಅಂತ ಓದುವುದಿಲ್ಲ, ದಾಳಿ ಅಂತ ಓದುತ್ತಾರೆ. ಎಷ್ಟಾದರೂ ಜಾಡಿಯ ವಿಷಯ ಗೊತ್ತಲ್ಲ. ನೆಲಮಾಳಿಗೆ, ಸರಪಳಿ, ಫ್ರಿಟ್ಜ್‌ನ ಚಾಟಿ. ಇಷ್ಟಾದ ಮೇಲೇ ಮೊದಲ ಕೊಲೆ.

ಇದನ್ನು ಮಾತಿಲ್ಲದೆ ನಮಗೆ ದಾಟಿಸಿದ್ದು ಕಾರ್ಲಾಫ್. ಹುಟ್ಟುಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್, ಲಂಡನ್ನಿನವನು. ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ಕಂದಾಯ ಇಲಾಖೆಯಲ್ಲಿದ್ದವರು. ಮನೆತನದಲ್ಲಿ ಭಾರತೀಯ ಮೂಲವಿತ್ತು, ಮೈಬಣ್ಣ ಕೊಂಚ ಕಪ್ಪು. ಹಾಲಿವುಡ್‌ನಲ್ಲಿ ವರ್ಷಗಟ್ಟಲೆ ಚಿಲ್ಲರೆ ಪಾತ್ರ, ಅದೂ ಇಲ್ಲದಾಗ ಟ್ರಕ್ ಓಡಿಸಿದವನು. ಈ ಪಾತ್ರ ಸಿಕ್ಕಾಗ 43 ವರ್ಷ. ಚಿತ್ರೀಕರಣದಲ್ಲಿ ನಟರನ್ನು ಹೊತ್ತುಗೊತ್ತಿಲ್ಲದೆ ದುಡಿಸುತ್ತಿದ್ದ ಕಾಲ ಅದು. ಎರಡು ವರ್ಷದ ಬಳಿಕ, 1933ರಲ್ಲಿ, ನಟರ ಯೂನಿಯನ್ ಹುಟ್ಟಿದಾಗ ಮೊದಲು ಸೇರಿದವರಲ್ಲಿ ಇವನೂ ಒಬ್ಬ. ಹಣೆಪಟ್ಟಿ ಹೊತ್ತು ಬದುಕೋದು ಏನು ಅಂತ ಅವನಿಗೆ ಸಿನಿಮಾಕ್ಕಿಂತ ಮೊದಲೇ ಗೊತ್ತಿತ್ತು ಅಂತ ನನ್ನ ಊಹೆ.

ಇನ್ನು ಕೆರೆಯ ದೃಶ್ಯ. ತಪ್ಪಿಸಿಕೊಂಡ ಜೀವಿಗೆ ಮರಿಯಾ ಅನ್ನೋ ಪುಟ್ಟ ಹುಡುಗಿ ಸಿಗ್ತಾಳೆ. ಇಡೀ ಸಿನಿಮಾದಲ್ಲಿ ಅದನ್ನು ಕಂಡು ಹೆದರದೆ ಆಟಕ್ಕೆ ಕರೆಯುವವಳು ಅವಳೊಬ್ಬಳೇ. ಕೈಗೆ ಹೂ ಕೊಡ್ತಾಳೆ. ಇಬ್ಬರೂ ಹೂ ಎಸೀತಾರೆ, ಹೂ ನೀರಿನ ಮೇಲೆ ತೇಲುತ್ತೆ. ಅದರ ಮುಖದಲ್ಲಿ ಮೊದಲ ಸಲ ನಗು. ಹೂ ಖಾಲಿ. ಅವಳನ್ನೂ ಎತ್ತಿ ನೀರಿಗೆ ಎಸೆಯುತ್ತೆ, ಹೂವಿನ ಹಾಗೆ ತೇಲ್ತಾಳೆ ಅಂತ. ತೇಲಲಿಲ್ಲ. ಗಾಬರಿಯಿಂದ ಕೈ ಹಿಸುಕಿಕೊಂಡು ಓಡುತ್ತೆ.

ಕೆಲವು ರಾಜ್ಯಗಳ ಸೆನ್ಸಾರ್ ಮಂಡಳಿಗಳಿಗೆ ಇದು ಕ್ರೂರ ಅನ್ನಿಸಿತು. 1934ರಿಂದ ಪ್ರೊಡಕ್ಷನ್ ಕೋಡ್ ಬಿಗಿಯಾದ ಮೇಲೆ, ಮರುಬಿಡುಗಡೆಗೆ ಅಂತ ಎಸೆಯುವ ಭಾಗವನ್ನೇ ಕತ್ತರಿಸಿದರು. ಪರಿಣಾಮ ಏನಾಯ್ತು ನೋಡಿ. ಜೀವಿ ಹುಡುಗಿಯ ಕಡೆ ಕೈ ಚಾಚುವಲ್ಲಿಗೆ ದೃಶ್ಯ ಮುಗಿದು ಹೋಗುತ್ತೆ. ಮುಂದೆ ನಾವು ನೋಡೋದು ಮಗಳ ಹೆಣ ಎತ್ತಿಕೊಂಡು ಮದುವೆ ಸಂಭ್ರಮದ ಬೀದಿಯಲ್ಲಿ ನಡೆದು ಬರುವ ಅಪ್ಪನನ್ನು. ನಡುವೆ ಏನಾಯ್ತು ಅನ್ನೋದನ್ನು ಪ್ರೇಕ್ಷಕರ ಕಲ್ಪನೆಗೇ ಬಿಟ್ಟರು. ಕಲ್ಪನೆ ಎಲ್ಲಿಗೆ ಹೋಗುತ್ತೆ ಅಂತ ನಾನು ಬರೀಬೇಕಾಗಿಲ್ಲ. ಮಕ್ಕಳಾಟದ ದುರಂತ ಒಂದು ಹೇಯ ಅಪರಾಧವಾಯಿತು. ಆ ತುಣುಕು ಮತ್ತೆ ಸೇರಿದ್ದು 1980ರ ದಶಕದಲ್ಲಿ. ಹತ್ತಿರ ಹತ್ತಿರ ಅರ್ಧ ಶತಮಾನ ಆ ಜೀವಿ ಮಾಡದ ತಪ್ಪನ್ನು ಹೊತ್ತುಕೊಂಡಿತ್ತು. ಜಾಡಿಯ ಲೇಬಲ್ ನಿಜವಾಗಬೇಕಿದ್ದರೆ ಸಾಕ್ಷಿಯನ್ನು ಕತ್ತರಿಸಲೇಬೇಕಿತ್ತು ಅಂತ ನನಗನ್ನಿಸುತ್ತೆ.

ಇಷ್ಟೆಲ್ಲ ಆಗುವಾಗ ಹೆನ್ರಿ ಎಲ್ಲಿದ್ದ? ಮದುವೆಗೆ ತಯಾರಾಗ್ತಿದ್ದ. ಕುಸಿದು ಬಿದ್ದ ಮಗನನ್ನು ಅಪ್ಪ ಬಂದು ಮನೆಗೆ ಕರಕೊಂಡು ಹೋದ, ಜೀವಿಯನ್ನು ಮುಗಿಸುವ ಕೆಲಸ ವಾಲ್ಡ್‌ಮನ್ ತಲೆಗೆ ಬಿತ್ತು. ಅವರ ಪ್ರಾಣವೂ ಹೋಯಿತು. ಕೊನೆಗೆ ಗಾಳಿಗಿರಣಿಯಲ್ಲಿ ಬೆಂಕಿ ಹತ್ತಿದಾಗ ಸುಟ್ಟದ್ದು ಜೀವಿ. ಹೆನ್ರಿ ಸಾಯಬೇಕಿತ್ತು, ಆದರೆ ಪ್ರೇಕ್ಷಕರಿಗೆ ಬೇಸರವಾದೀತು ಅಂತ ಸ್ಟುಡಿಯೋ ಕೊನೆಗೆ ಒಂದು ದೃಶ್ಯ ಸೇರಿಸಿ ಬದುಕಿಸಿತು. ಅವನ ಅಪ್ಪ ಗ್ಲಾಸು ಎತ್ತಿ ಮನೆತನಕ್ಕೆ ಶುಭ ಕೋರುವಲ್ಲಿಗೆ ಸಿನಿಮಾ ಮುಗಿಯುತ್ತೆ.

ಆಫೀಸಿನ ಮೀಟಿಂಗ್‌ಗಳಲ್ಲಿ ನನಗೆ ಈ ಜಾಡಿ ಆಗಾಗ ನೆನಪಾಗುತ್ತೆ. ಆರು ತಿಂಗಳು ಟ್ರೈನಿಂಗ್ ಇಲ್ಲ, ಕೆಲಸ ಏನು ಅಂತ ಕೂರಿಸಿ ಹೇಳಿದವರಿಲ್ಲ, ಆಮೇಲೆ ಒಂದು ದಿನ ‘ಅವನ ಡಿಎನ್‌ಎನೇ ಸರಿಯಿಲ್ಲ’ ಅನ್ನೋ ತೀರ್ಪು. ಹೇಳಿದವರಿಗೆ ಅದು ಬರೀ ಮಾತು. ಆದರೆ ಕಾರಣವನ್ನು ಮನುಷ್ಯನ ಒಳಗೇ ಇಟ್ಟುಬಿಟ್ಟರೆ, ಅವನನ್ನು ತಂದು ಕೈಬಿಟ್ಟವರು ಉತ್ತರ ಕೊಡಬೇಕಾಗಿಲ್ಲ. ಲೊಂಬ್ರೋಸೋ ಸಿದ್ಧಾಂತ ಸತ್ತು ಎಷ್ಟೋ ಕಾಲವಾಯಿತು. ಅದು ಮಾಡಿಕೊಡುತ್ತಿದ್ದ ಅನುಕೂಲ ಇನ್ನೂ ಸತ್ತಿಲ್ಲ.

ಸಿನಿಮಾ ನೋಡಿಲ್ಲದಿದ್ದರೆ ನೋಡಿ, ಕೆರೆಯ ದೃಶ್ಯ ಪೂರ್ತಿ ಇರುವ ಪ್ರತಿಯನ್ನೇ ಹುಡುಕಿ ನೋಡಿ. ಕಿಂಡಿ ತೆರೆದು ಬೆಳಕು ಬಿದ್ದಾಗ ಆ ಎರಡು ಕೈಗಳನ್ನು ಗಮನಿಸಿ. ಜಾಡಿಯ ಮೇಲೆ ಏನು ಬರೆದಿತ್ತು ಅಂತ ಆ ಹೊತ್ತಿಗೆ ನಿಮಗೆ ನೆನಪಾಗುತ್ತಾ, ಹೇಳಿ.