ಅಡ್ಡಗದ್ದೆಯ ಮಳೆಯೂ ದೂರದ ದಫ್ತರವೂ

ಮಳೆಯನ್ನು ಬೇಡುವುದಕ್ಕೂ, ಅದು ಮಿತಿಮೀರಿದಾಗ ಸಾಕೆಂದು ಮೊರೆಯಿಡುವುದಕ್ಕೂ ಕಿಗ್ಗದ ಋಷ್ಯಶೃಂಗೇಶ್ವರನ ಸನ್ನಿಧಿಗೇ ಹೋಗುವ ಸಂಪ್ರದಾಯ ಶೃಂಗೇರಿ ಸೀಮೆಯದು. ಆ ಸೀಮೆಗೆ ಸೇರಿದ ಅಡ್ಡಗದ್ದೆಯಂಥ ಊರುಗಳಲ್ಲಿ ಆರಿದ್ರೆ ಹೇಗೆ ಹಿಡಿಯಿತು, ಪುಷ್ಯ ಎಷ್ಟು ಹೊಯ್ದಿತು, ಆಶ್ಲೇಷದಲ್ಲಿ ಹೊಳೆ ಎಲ್ಲಿಯವರೆಗೆ ಏರಿತು ಎಂಬುದನ್ನು ಹಿರಿಯರು ನಕ್ಷತ್ರಗಳ ಲೆಕ್ಕದಲ್ಲಿ ನೆನಪಿಟ್ಟು ಹೇಳುತ್ತ ಬಂದಿರುವರು. ನೆನಪು ಹಿರಿದಾದ ಸಂಪತ್ತೇ ಸರಿ. ಆದರೆ ನೆನಪಿಟ್ಟವನು ಹೋದೊಡನೆ ಅದೂ ಹೋಗುವುದಾದ್ದರಿಂದ, ನಡೆದುದನ್ನು ನಡೆದ ಹೊತ್ತಿನಲ್ಲೇ ಬರೆದಿಡುವುದು, ಬರೆದುದನ್ನು ನಡೆದ ಸ್ಥಳದಿಂದ ದೂರದ ದಫ್ತರಕ್ಕೆ ಕಳುಹಿಸುವುದು ಎಂಬ ಎರಡು ಪದ್ಧತಿಗಳು ಬೇಕಾದುವು. ಇಂದು ಕಂಪ್ಯೂಟರಿನ ತಂತ್ರಾಂಶಗಳು ತಮ್ಮೊಳಗಿನ ಘಟನೆಗಳನ್ನು ಕ್ಷಣಕ್ಷಣಕ್ಕೂ ಕ್ಲೌಡ್ ಸೇವೆಗೆ ರವಾನಿಸುವ ಲಾಗ್ ಪದ್ಧತಿ ಇವೆರಡರ ಇತ್ತೀಚಿನ ರೂಪ. ಅದರ ಪೂರ್ವಚರಿತ್ರೆಯನ್ನು ಮಲೆನಾಡಿನ ಈ ಮೂಲೆಯಲ್ಲಿ ನಿಂತು ಅವಲೋಕಿಸುವುದು ಸಾರ್ಥಕವೆಂದು ನನ್ನ ಭಾವನೆ.

ಮೊದಲಿಗೆ ನೆನೆಯಬೇಕಾದದ್ದು ಕಡತವನ್ನು. ಒಂದು ಅಡಿಯೊಳಗಿನ ಅಗಲ, 12ರಿಂದ 18 ಅಡಿಗಳವರೆಗಿನ ಉದ್ದವುಳ್ಳ ಹತ್ತಿಬಟ್ಟೆಗೆ ಎರಡು ಪಕ್ಕದಲ್ಲಿಯೂ ಸರಿ ಮತ್ತು ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿದ ಬಳಿಕ ಕತ್ತರಿಸದೆ ಮಡಿಕೆಮಡಿಕೆಯಾಗಿ ಮಡಿಸಿ, ತುದಿಗಳಿಗೆ ಹಲಗೆ ಕಟ್ಟಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದ ಪರಿಯನ್ನು ಕರ್ನಲ್ ಮಾರ್ಕ್ ವಿಲ್ಕ್ಸನು 1810ರಿಂದ ಪ್ರಕಟವಾಗತೊಡಗಿದ ತನ್ನ ಇತಿಹಾಸಗ್ರಂಥದಲ್ಲಿ ವರ್ಣಿಸಿರುವನು. ಶಾನುಭೋಗರ ಊರಲೆಕ್ಕವೆಲ್ಲ ಇದ್ದುದು ಇದರಲ್ಲಿಯೇ. ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದೆಂಬುದು ಅದರ ಸೌಕರ್ಯ. ಬರೆದವನೇ ಒರಸಬಹುದೆಂಬುದು ಅದರ ದೋಷ. ಈ ದೋಷಕ್ಕೆ ಪರಿಹಾರವಿದ್ದುದು, ಲೆಕ್ಕದ ಒಂದು ಪ್ರತಿ ಬರೆದವನ ಕೈಗೆಟುಕದ ಮತ್ತೊಂದು ಸ್ಥಳದಲ್ಲಿಯೂ ಇರುವುದರಲ್ಲಿ.

ಪರಸ್ಥಳದ ಪ್ರತಿಯ ಮಹಿಮೆಯನ್ನು ತೋರಿಸಲು ಶೃಂಗೇರಿ ಮಠದ ದಫ್ತರಕ್ಕಿಂತ ಉತ್ತಮ ನಿದರ್ಶನ ನನಗೆ ತಿಳಿಯದು. 1791ರಲ್ಲಿ ಮರಾಠಾ ಸೈನ್ಯದ ಕಡೆಯವರು ಮಠವನ್ನು ಲೂಟಿಮಾಡಿದ ತರುವಾಯ ಟಿಪ್ಪು ಸುಲ್ತಾನನು ಅಲ್ಲಿಯ ಜಗದ್ಗುರುಗಳಿಗೆ ಕನ್ನಡದಲ್ಲಿ ಕಾಗದಗಳನ್ನು ಬರೆಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡು ಆತನ ಅರಮನೆಯ ಸಂಗ್ರಹಗಳು ಚೆದರಿಹೋದವಾದರೂ, ಬಂದ ಕಾಗದಗಳು ತುಂಗೆಯ ದಡದಲ್ಲಿ ಸುರಕ್ಷಿತವಾಗಿದ್ದುವು, 1916ರಲ್ಲಿ ಆರ್. ನರಸಿಂಹಾಚಾರ್ಯರು ಅವುಗಳನ್ನು ಬೆಳಕಿಗೆ ತಂದರು. ಬರೆಸಿದ ರಾಜಧಾನಿಯೇ ಬಿದ್ದರೂ ಬರೆಹ ಉಳಿದದ್ದು ಅದು ಅಲ್ಲಿಂದ ಹೊರಟು ಬೇರೆಡೆಗೆ ತಲುಪಿದ್ದುದರಿಂದ.

ಮಳೆಯ ಲೆಕ್ಕಕ್ಕೆ ಇಂಥ ವ್ಯವಸ್ಥೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಮೈಸೂರು ಸಂಸ್ಥಾನದಲ್ಲಿ ಮಳೆಯ ವರದಿಗಳನ್ನು ಶಾಸ್ತ್ರೀಯವಾಗಿ ಕ್ರೋಡೀಕರಿಸುವ ಕಾರ್ಯವನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ ಅವರು ವಹಿಸಿದರು. ಸೈಮನ್ಸ್ ಮಾದರಿಯ ಮಳೆಮಾಪಕದ ರಚನೆ ಸರಳವಾದುದು. 5 ಅಂಗುಲ ವ್ಯಾಸದ ಆಲಿಕೆ, ಅದರ ಕೆಳಗೆ ನೀರು ಕೂಡುವ ಶೀಸೆ, ನೆಲದಿಂದ 1 ಅಡಿ ಎತ್ತರದಲ್ಲಿರುವ ಅಂಚು, ಇಷ್ಟೇ. ಬೆಳಗ್ಗೆ ಗೊತ್ತಾದ ಹೊತ್ತಿಗೆ ಗುಮಾಸ್ತನು ಕೊಡೆ ಹಿಡಿದು ಬಂದು, ಶೀಸೆಯ ನೀರನ್ನು ಅಳತೆಯ ಗಾಜಿಗೆ ಹೊಯ್ದು, ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ನೀರಿನ ತಗ್ಗಾದ ನಡುಗೆರೆಯನ್ನು ನೋಡಿ ಅಂಕಿಯನ್ನು ಬರೆಯಬೇಕು. ಬಯಲುಸೀಮೆಯಲ್ಲಿ ಇಷ್ಟು ಸಾಕು. ಮಲೆನಾಡಿನ ಆಷಾಢದಲ್ಲಾದರೋ, ಹೊತ್ತಾಗುವ ಮುನ್ನವೇ ಶೀಸೆ ತುಂಬಿ ಹರಿಯುವ ಸಂಭವವಿರುವುದರಿಂದ ನಡುವೆ ಒಮ್ಮೆಯೋ ಎರಡು ಬಾರಿಯೋ ಅಳೆದು ಬರಿದುಮಾಡಿ, ಕೊನೆಗೆ ಎಲ್ಲವನ್ನೂ ಕೂಡಿಸಬೇಕು. ಹಾಗೆ ಮಾಡದಿದ್ದರೆ ಅತಿ ಹೆಚ್ಚು ಮಳೆ ಸುರಿದ ದಿನವೇ ಪುಸ್ತಕದಲ್ಲಿ ಸಾಧಾರಣ ದಿನವಾಗಿ ನಿಲ್ಲುವುದು.

ಸರ್ಕಾರಿ ಕಚೇರಿಯ ಹೊರಗೂ ಈ ಅಭ್ಯಾಸ ಬೇರೂರಿತು. ಕಾಫಿ ಮತ್ತು ಅಡಕೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ಮಳೆಯ ಪುಸ್ತಕವಿದೆ. ಮಿಲಿಮೀಟರು ಬಂದು ದಶಕಗಳೇ ಕಳೆದರೂ ಅಲ್ಲಿ ಮಾತು ಇಂಚು ಮತ್ತು ಸೆಂಟುಗಳಲ್ಲಿಯೇ ನಡೆಯುವುದು. ಇದು ನಿಷ್ಪ್ರಯೋಜಕ ಹವ್ಯಾಸವಲ್ಲ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಅಡಕೆಯ ಕೊಳೆರೋಗವನ್ನು ಕುರಿತು ತಮ್ಮ ಅಧ್ಯಯನವನ್ನು ಪ್ರಕಟಿಸಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಪ್ರಚಾರಕ್ಕೆ ತಂದಂದಿನಿಂದ, ಮಳೆ ಬಿಡದೆ ಎಷ್ಟು ದಿನ ಹಿಡಿಯಿತು, ಔಷಧಿ ಹೊಡೆಯಲು ಹೊಳವು ಯಾವಾಗ ಸಿಕ್ಕಿತು ಎಂಬ ಲೆಕ್ಕ ತೋಟಗಾರನ ಜೀವನಾಧಾರಕ್ಕೆ ಸಂಬಂಧಪಟ್ಟ ವಿಷಯವಾಯಿತು.

1963ರ ಫೆಬ್ರವರಿ 1ರಂದು ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಯಿತು. ಬರೆದು ಕಳುಹಿಸುವ ಕೆಲಸ ಸಂಬಳದ ನೌಕರನ ಪಾಲಿಗೆ ಬಂದಿತು. 1988ರಲ್ಲಿ ಬರ ಪರಿಸ್ಥಿತಿಯ ಪರಿಶೀಲನೆಗೆಂದು ಹುಟ್ಟಿ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿದ ಸಂಸ್ಥೆಯು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದ ಮೇಲೆ ಆ ನೌಕರನ ಕೈಯೂ ಬೇಕಿಲ್ಲದಾಯಿತು. ಈ ಯಂತ್ರದೊಳಗಿನ ಪುಟ್ಟ ತೊಟ್ಟಿಯು ತುಂಬಿದಾಗಲೆಲ್ಲ ಮಗುಚಿಕೊಳ್ಳುವುದು. ಮಗುಚಿದ್ದನ್ನು ವೇಳೆಯೊಡನೆ ಯಂತ್ರ ತನ್ನ ನೆನಪಿನಲ್ಲಿ ಬರೆದುಕೊಂಡು, ಸೌರಶಕ್ತಿಯ ಬಲದಿಂದ, ಮೊಬೈಲ್ ಜಾಲದ ಮೂಲಕ ಪ್ರತಿ 15 ನಿಮಿಷಕ್ಕೊಮ್ಮೆ ಯಲಹಂಕದ ಸರ್ವರಿಗೆ ತಲುಪಿಸುವುದು. ಅಡಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರವು ಇಂಥ ಅಂಕಿಗಳನ್ನೇ ನೆಚ್ಚಿರುವುದರಿಂದ, ವಾರಗಟ್ಟಲೆ ಬಿಸಿಲು ಕಾಣದೆ ಬ್ಯಾಟರಿ ಸೋತ, ಗಾಳಿಗೆ ಟವರು ಕೆಟ್ಟ ದಿನಗಳ ಮಳೆ ದಫ್ತರಕ್ಕೆ ಮುಟ್ಟದೇ ಹೋದರೆ ರೈತನಿಗೆ ಆಗುವ ನಷ್ಟ ನಿಜವಾದ ನಷ್ಟವೇ.

ತಂತ್ರಾಂಶಲೋಕದ ಅನುಭವವೂ ಇದಕ್ಕಿಂತ ಭಿನ್ನವಲ್ಲ. 1980ರ ದಶಕದಲ್ಲಿ ಬರ್ಕ್ಲಿಯ ಎರಿಕ್ ಆಲ್ಮನ್ ಅವರು ಮಿಂಚಂಚೆಯ ತಂತ್ರಾಂಶವೊಂದರ ಸಲುವಾಗಿ ರಚಿಸಿದ ಸಿಸ್‌ಲಾಗ್, ಒಂದು ಯಂತ್ರದ ವರದಿಯನ್ನು ಮತ್ತೊಂದು ಯಂತ್ರಕ್ಕೆ ಮುಟ್ಟಿಸುವ ಸರ್ವಸಾಮಾನ್ಯ ವಿಧಾನವಾಯಿತು. 2014ರಲ್ಲಿ ಬಂದ ಅಮೆಜಾನ್ ಕಂಪನಿಯ ಕ್ಲೌಡ್‌ವಾಚ್ ಲಾಗ್ಸ್‌ನಂಥ ಸೇವೆಗಳು ಅದನ್ನೇ ಬಾಡಿಗೆಗೆ ದೊರೆಯುವಂತೆ ಮಾಡಿದುವು. ಇಂದಿನ ಸರ್ವರುಗಳು ಬೇಕಾದಾಗ ಹುಟ್ಟಿ ಬೇಡವಾದಾಗ ಅಳಿಯುವಂಥವಾದ್ದರಿಂದ, ಅವುಗಳ ಲಾಗ್ ಅಲ್ಲಿಯೇ ಉಳಿದರೆ ಯಂತ್ರದೊಡನೆ ಅದೂ ನಾಶ. ಆದಕಾರಣ ತಂತ್ರಾಂಶವು ಪ್ರತಿ ಘಟನೆಗೂ ವೇಳೆಯನ್ನೂ ತೀವ್ರತೆಯನ್ನೂ ನಮೂದಿಸಿ, ಕೆಲವನ್ನು ಒಟ್ಟುಗೂಡಿಸಿ ಕಳುಹಿಸುವುದು. ತಲುಪಿದ ಉತ್ತರ ಬಾರದಿದ್ದರೆ ಮತ್ತೆ ಕಳುಹಿಸುವುದು. ಕಾದಿರಿಸಿದ ಜಾಗ ತುಂಬಿದಾಗ ಹೆಚ್ಚಾದುದನ್ನು ಕಳೆದುಕೊಳ್ಳುವುದು. 2022ರ ಏಪ್ರಿಲ್ 28ರಂದು ಭಾರತದ ಸೈಬರ್ ಸುರಕ್ಷತೆಯ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನವು ಲಾಗ್‌ಗಳನ್ನು 180 ದಿನಗಳ ಕಾಲ ಕಾಪಾಡಬೇಕೆಂದೂ, ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಭೌತ ಪ್ರಯೋಗಾಲಯ ಮುಂತಾದವುಗಳ ಕಾಲಕ್ಕೆ ಹೊಂದಿಸಬೇಕೆಂದೂ ವಿಧಿಸಿತು. ಸರ್ವರಿನ ದೋಷವನ್ನು ಕಂಡುಹಿಡಿಯಲು ಆರು ತಿಂಗಳು ಸಾಕಾಗಬಹುದು. ಮಳೆಯ ಸ್ವಭಾವವನ್ನು ತಿಳಿಯಲು ಮೂರು ತಲೆಮಾರೂ ಹೆಚ್ಚಲ್ಲ.

ಆದುದರಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತೋಟದ ಮನೆಯವರಲ್ಲಿ ನನ್ನದೊಂದು ವಿಜ್ಞಾಪನೆ. ಅಟ್ಟದ ಮೇಲೋ ಪೆಟ್ಟಿಗೆಯಲ್ಲೋ ಅಜ್ಜನ ಕಾಲದ ಮಳೆಯ ಪುಸ್ತಕವಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿರಿ. ಪುಟಪುಟವನ್ನೂ ಫೋನಿನಲ್ಲಿ ಚಿತ್ರ ತೆಗೆದು ಒಂದು ಪ್ರತಿಯನ್ನು ಹತ್ತಿರದ ಕಾಲೇಜಿಗೋ ಗ್ರಂಥಾಲಯಕ್ಕೋ ಒಪ್ಪಿಸಿರಿ, ಮೂಲವನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿರಿ.