ಪ್ರಶ್ನಾವಳಿ: ಗರಜು ಯಾರದು?

ದೀಪಾವಳಿ, ನಾಮಾವಳಿ, ವಂಶಾವಳಿಗಳ 'ಆವಳಿ'ಯೇ ಪ್ರಶ್ನಾವಳಿಯಲ್ಲೂ ಇರುವುದು. ಆವಳಿ ಎಂದರೆ ಸಾಲು. 'ಪ್ರಶ್ನ' ಹುಟ್ಟಿದ್ದು ಸಂಸ್ಕೃತದ 'ಪ್ರಚ್ಛ್' ಧಾತುವಿನಿಂದ. ಬೇಡಿಕೊಳ್ಳುವುದಕ್ಕೆ ಲ್ಯಾಟಿನ್ನಿನಲ್ಲಿರುವ 'ಪ್ರೆಕಾರಿ' ಇದರ ದೂರದ ನೆಂಟ.

ಪ್ರಶ್ನೆ ಕೇಳುವವರು ಬೇಡುವವರೇ ಆಗಿದ್ದರು. ಪ್ರಶ್ನೋಪನಿಷತ್ತಿನ ಆರು ಜನ ಸಮಿತ್ತು ಹಿಡಿದು ಪಿಪ್ಪಲಾದ ಋಷಿಯ ಬಳಿ ಹೋಗುತ್ತಾರೆ. ಒಂದು ವರ್ಷ ವ್ರತದಲ್ಲಿದ್ದು ಆಮೇಲೆ ಕೇಳಿ, ತಿಳಿದಿದ್ದರೆ ಹೇಳುತ್ತೇನೆ ಎನ್ನುತ್ತಾನೆ ಆತ. ಕರಾವಳಿಯಲ್ಲಿ ಈಗಲೂ ಸಂಕಟ ಬಂದವರು ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ತುಳಸೀದಾಸರ ರಾಮಚರಿತಮಾನಸದ ಪ್ರತಿಗಳಲ್ಲಿ 225 ಮನೆಗಳ 'ರಾಮಶಲಾಕಾ ಪ್ರಶ್ನಾವಳಿ' ಇರುತ್ತದೆ. ಒಂದು ಅಕ್ಷರದ ಮೇಲೆ ಬೆರಳಿಟ್ಟು ಅಲ್ಲಿಂದ ಒಂಬತ್ತೊಂಬತ್ತನೆಯ ಅಕ್ಷರ ಆಯುತ್ತಾ ಹೋದರೆ ಒಂದು ಚೌಪಾಯಿ ಕೂಡಿಬರುತ್ತದೆ, ಅದೇ ಉತ್ತರ.

ಯುರೋಪಿನ ಕಥೆ ಬೇರೆ. ಹಳೆಯ ಫ್ರಾನ್ಸಿನಲ್ಲಿ ಚಿತ್ರಹಿಂಸೆಗೆ ಕಾನೂನು ಇಟ್ಟಿದ್ದ ಹೆಸರೇ 'ಪ್ರಶ್ನೆ'. ಅದನ್ನು ಕೊಡುವವನು 'ಕೆಸ್ತಿಯೋನೆರ್'. ಪ್ರಶ್ನೆಗಳ ಪಟ್ಟಿಗೂ ಅದೇ ಪದವಾಯಿತು, ಇಂಗ್ಲಿಷಿಗೂ ದಾಟಿತು. ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ರಾಯಲ್ ಸೊಸೈಟಿಯ ಫೆಲೋಗಳಿಗೆ ಪ್ರಶ್ನೆಗಳ ಪಟ್ಟಿ ಕಳಿಸಿ, ಬಂದ ಉತ್ತರಗಳಿಂದ 1874ರಲ್ಲಿ ಪುಸ್ತಕವನ್ನೇ ಬರೆದ.

ಕನ್ನಡದ ಸಮಾಜಶಾಸ್ತ್ರ ಈ ಹೊಸ ಕೆಲಸವನ್ನು ನಮ್ಮ ಪ್ರಶ್ನಾವಳಿಗೆ ಒಪ್ಪಿಸಿತು. ಉತ್ತರಿಸುವವರೇ ತುಂಬಿದರೆ ಪ್ರಶ್ನಾವಳಿ, ಸಂಶೋಧಕರು ಕೇಳಿ ಬರೆದುಕೊಂಡರೆ ಅನುಸೂಚಿ ಎನ್ನುತ್ತವೆ ಪಠ್ಯಪುಸ್ತಕಗಳು. ಊರಿನವರಿಗೆ ಎರಡೂ 'ಫಾರಂ'. 2015ರಲ್ಲಿ ಕರ್ನಾಟಕದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಪ್ರಶ್ನೆಗಳು ಮನೆಮನೆಗೆ ಹೋದಾಗಲೂ ಪ್ರಶ್ನಾವಳಿ ಎಂಬ ಮಾತೇ ಚಾಲ್ತಿಯಲ್ಲಿತ್ತು.

ಇಲ್ಲೂ ಗರಜು ಕೇಳುವವರದೇ. ಆದರೆ ಫಾರಂ ಕೈಗೆ ಬಂದೊಡನೆ ಅದು ಮರೆತುಹೋಗುತ್ತದೆ, ಪ್ರಶ್ನೆ ಜಬರದಸ್ತಿನ ಧಾಟಿಗೆ ತಿರುಗುತ್ತದೆ. 'ಏನು ಕೆಲಸ ಮಾಡ್ತೀರಮ್ಮಾ?' ಎಂದರೆ ಹಳ್ಳಿಯ ಹೆಂಗಸು 'ಏನೂ ಇಲ್ಲ, ಮನೇಲೇ ಇರ್ತೀನಿ' ಅಂದುಬಿಡುತ್ತಾಳೆ. ಸಗಣಿ ಬಾಚಿ, ಹಾಲು ಕರೆದು ಡೇರಿಗೆ ಹಾಕಿ, ಕಳೆ ಕಿತ್ತು ಬಂದವಳ ಎದುರು ಫಾರಂನಲ್ಲಿ 'ಗೃಹಿಣಿ' ಎಂದು ಬೀಳುತ್ತದೆ. ಸುಳ್ಳು ಅವಳದಲ್ಲ, ಪ್ರಶ್ನೆಯದು.

2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಈ ಗಂಟನ್ನು ಬೇರೆ ಕಡೆಯಿಂದ ಬಿಚ್ಚಿತು. ಏನು ಕೆಲಸ ಎಂದು ಕೇಳಿ ಅಷ್ಟಕ್ಕೇ ಬಿಡದೆ, ನಿನ್ನೆ ಬೆಳಗಿನ ಜಾವ 4ರಿಂದ ಇವತ್ತಿನ 4ರವರೆಗೆ ಅರ್ಧರ್ಧ ಗಂಟೆಗೆ ಏನೇನು ಮಾಡಿದಿರಿ ಎಂದು ಕೇಳಿತು. ಹಾಗೆ ಕೇಳಿದಾಗ ಸಗಣಿ, ಹಾಲು, ಕಳೆ ಒಂದೊಂದಕ್ಕೂ ಫಾರಂನಲ್ಲಿ ಜಾಗವಿರುತ್ತದೆ.